ಪೆಟ್ಟಿಗೆಯೊಳಗಿನ ಪ್ರಮಾಣ

ಮಕ್ಕಳಿಗೆಂದು ಅಂಗಡಿಗಳಲ್ಲಿ ಮಾರುವ ವಿಜ್ಞಾನಪ್ರಯೋಗದ ಪೆಟ್ಟಿಗೆಗಳಲ್ಲಿ ಹರಳು ಬೆಳೆಸುವುದೊಂದುಂಟು. ಬಿಸಿನೀರಿನಲ್ಲಿ ಪಟಿಕವನ್ನು ಕರಗುವಷ್ಟೂ ಕರಗಿಸಿ, ಸೋಸಿ, ಆರಿದ ಮೇಲೆ ನೂಲಿಗೆ ಕಟ್ಟಿದ ಸಣ್ಣ ಹರಳೊಂದನ್ನು ಅದರೊಳಗೆ ಇಳಿಬಿಟ್ಟು ದಿನಗಟ್ಟಲೆ ಅಲುಗಿಸದಿದ್ದರೆ, ಅಷ್ಟಮುಖಿಯಾದ ಸ್ಫಟಿಕವು ತಾನಾಗಿ ಮೈದುಂಬಿಕೊಳ್ಳುವುದು. ಆ ಸ್ಫಟಿಕದ ಚಿತ್ರವಾದರೋ ಮುಚ್ಚಳದ ಮೇಲೆ ಮೊದಲೇ ಅಚ್ಚಾಗಿರುತ್ತದೆ. ಅವಸರಪಟ್ಟು ದ್ರಾವಣವನ್ನು ತಣಿಸಿದ ಹುಡುಗನು ಬೆಳಗಾಗೆದ್ದು ನೋಡಿದರೆ ಲೋಟದ ತಳದಲ್ಲಿ ಸಕ್ಕರೆಯಂಥ ಪುಡಿಹರಳುಗಳಷ್ಟೆ; ಸರಿಯಾಗಿ ಬರಲಿಲ್ಲವೆಂದು ಅದನ್ನು ಬಚ್ಚಲಿಗೆ ಚೆಲ್ಲುತ್ತಾನೆ. ಬೇಗ ತಣಿದ ದ್ರಾವಣವು ದೊಡ್ಡದೊಂದನ್ನು ಬೆಳೆಸದೆ ಸಣ್ಣವನ್ನು ರಾಶಿಯಾಗಿ ಉದುರಿಸುವುದೆಂಬ ಪ್ರಕೃತಿನಿಯಮವೂ ನೀರಿನೊಡನೆ ಹರಿದುಹೋಗುತ್ತದೆ.

ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ (ಎಂದರೆ ನಂಬತಕ್ಕವನಾದ ಆಪ್ತನ ಮಾತು) ಎಂದು ಅರಿವಿಗೆ ನಾಲ್ಕು ಪ್ರಮಾಣಗಳನ್ನು ಒಪ್ಪಿದರು. ಚಿತ್ರವನ್ನು ನಂಬಿ, ಕಣ್ಣೆದುರಿಗಿದ್ದುದನ್ನು ತಪ್ಪೆಂದೆಣಿಸಿದ ಬಾಲಕನು ಆಶ್ರಯಿಸಿದುದು ಯಾವುದನ್ನು? ಕೈಯಲ್ಲಿ ಪ್ರಯೋಗ ನಡೆದಿದ್ದರೂ ಬುದ್ಧಿಯಲ್ಲಿ ಗೆದ್ದುದು ಶಬ್ದವೇ. ಆಪ್ತನ ಪೀಠದಲ್ಲಿ ಋಷಿಯ ಬದಲು ಪೆಟ್ಟಿಗೆ ತಯಾರಿಸಿದವನು ಕುಳಿತಿದ್ದಾನೆ.

ಛಾಂದೋಗ್ಯೋಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಉದ್ದಾಲಕನು ಮಗ ಶ್ವೇತಕೇತುವಿನಿಂದ ಮಾಡಿಸುವ ಪರೀಕ್ಷೆಗಳು ನನಗೆ ಇದಕ್ಕಿಂತ ಪ್ರಾಮಾಣಿಕವಾಗಿ ತೋರುತ್ತವೆ. ಆಲದ ಹಣ್ಣನ್ನು ತರಿಸಿ, ಒಡೆಸಿ, ಅದರ ಬೀಜವನ್ನೂ ಸೀಳಿಸಿ, ಏನು ಕಾಣುವುದೆಂದು ಕೇಳುತ್ತಾನೆಯೇ ಹೊರತು ಏನು ಕಾಣಬೇಕೆಂದು ಮುಂಚಿತವಾಗಿ ಹೇಳುವುದಿಲ್ಲ. ಏನೂ ಕಾಣದೆಂದ ಮಗನನ್ನು ಗದರಿಸುವುದೂ ಇಲ್ಲ. ಉಪ್ಪನ್ನು ನೀರಿನಲ್ಲಿ ಹಾಕಿಸಿ, ಮರುದಿನ ಮೇಲಿನಿಂದ, ನಡುವಿನಿಂದ, ತಳದಿಂದ ರುಚಿ ನೋಡಿಸುವಾಗಲೂ ಇದೇ ಕ್ರಮ. ಉಪ್ಪಿನ ವ್ಯಾಪ್ತಿಯಿಂದ ಆತ್ಮದ ವ್ಯಾಪ್ತಿ ಸಿದ್ಧಿಸದೆಂದು ತಾರ್ಕಿಕನು ಆಕ್ಷೇಪಿಸಬಹುದು. ಆ ಆಕ್ಷೇಪ ನ್ಯಾಯವಾದುದೇ. ಆದರೆ ಕಣ್ಣಿಗೆ ನಿಲುಕದ ಸೂಕ್ಷ್ಮದಿಂದಲೇ ಈ ಮಹಾವೃಕ್ಷವು ನಿಂತಿದೆಯೆಂದು ಹೇಳುವಲ್ಲಿ ತಂದೆಯು ಶ್ರದ್ಧೆಯಿಡೆಂದು ಬಾಯಿಬಿಟ್ಟು ಕೇಳುತ್ತಾನೆ. ನೋಟ ಮುಗಿದುದೆಲ್ಲಿ, ನಂಬಿಕೆ ಮೊದಲಾದುದೆಲ್ಲಿ ಎಂಬುದನ್ನು ಮುಚ್ಚಿಡುವುದಿಲ್ಲ. ಪೆಟ್ಟಿಗೆಯು ಬೇಡುವುದೂ ಶ್ರದ್ಧೆಯನ್ನೇ, ಆದರೆ ಪ್ರಯೋಗವೆಂಬ ಹೆಸರಿನಲ್ಲಿ.

ಹಾಗೆಂದು ಪೆಟ್ಟಿಗೆಯನ್ನೇ ದೂಷಿಸಲಾಗದು. 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಶಾಲೆಗಳಲ್ಲಿ ಮೊದಲಾಗಿ, 2002ರವರೆಗೆ ನಡೆದ ವಿಜ್ಞಾನಶಿಕ್ಷಣ ಕಾರ್ಯಕ್ರಮದಲ್ಲಿಯೂ ಮಕ್ಕಳ ಕೈಗೆ ಪ್ರಯೋಗಸಾಮಗ್ರಿಯ ಪೆಟ್ಟಿಗೆಗಳು ಬಂದಿದ್ದುವು. ಆದರೆ ಅವರ ‘ಬಾಲ ವೈಜ್ಞಾನಿಕ’ ಪುಸ್ತಕದಲ್ಲಿ ಪ್ರಶ್ನೆಗಳಿದ್ದುವಲ್ಲದೆ ಉತ್ತರಗಳಿರಲಿಲ್ಲ. ತಂಡತಂಡವಾಗಿ ಮಾಡಿ ನೋಡಿ, ಕಂಡುದನ್ನು ಬರೆದುಕೊಂಡು, ತರಗತಿಯಲ್ಲಿ ಚರ್ಚಿಸಿಯೇ ಉತ್ತರಕ್ಕೆ ಬರಬೇಕು. ಪರೀಕ್ಷೆಗೆ ಪುಸ್ತಕವನ್ನು ತೆರೆದಿಟ್ಟುಕೊಳ್ಳಲೂ ಅನುಮತಿಯಿದ್ದಿತು: ಉತ್ತರವೇ ಇಲ್ಲದ ಪುಸ್ತಕವನ್ನು ಮುಚ್ಚಿಸಿ ಮೇಷ್ಟರಿಗಾಗುವ ಲಾಭವಾದರೂ ಏನು?