ಮೊದಲ ಕೃತಿಯೂ ವಾಚಕರ ನ್ಯಾಯವೂ

‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂಬ ಗಾದೆಯನ್ನು ಕೇಳದವರಿಲ್ಲ. ಆದರೆ ಈ ಮಾತನ್ನಾಡುವವರು ಸಾಮಾನ್ಯವಾಗಿ ಬೆಳೆಯನ್ನು ಕಂಡವರೇ ಹೊರತು ಮೊಳಕೆಯನ್ನು ಮಾತ್ರ ಕಂಡವರಲ್ಲ. ಗ್ರಂಥಕರ್ತನು ಕೀರ್ತಿವಂತನಾದ ಮೇಲೆ ಅವನ ಮೊದಲ ಕೃತಿಯನ್ನು ಕೈಗೆತ್ತಿಕೊಳ್ಳುವ ವಾಚಕನು ಅದಕ್ಕೆ ನ್ಯಾಯವನ್ನು ಸಲ್ಲಿಸಬಲ್ಲನೆ? ಜಪಾನಿನ ಪ್ರಖ್ಯಾತ ಕಾದಂಬರಿಕಾರರಾದ ಹರುಕಿ ಮುರಕಾಮಿಯವರ ಮೊದಲ ಎರಡು ಕಿರುಕಾದಂಬರಿಗಳ ವಿಷಯದಲ್ಲಿ ಈ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಮುರಕಾಮಿಯವರು ಆಗ ಟೋಕಿಯೋ ನಗರದಲ್ಲಿ ಜಾಝ್ ಸಂಗೀತದ ಪಾನಗೃಹವೊಂದನ್ನು ನಡೆಸುತ್ತಿದ್ದರು. 1978ರಲ್ಲಿ, ರಾತ್ರಿ ಕೆಲಸ ಮುಗಿದ ಮೇಲೆ ಅಡುಗೆಮನೆಯ ಮೇಜಿನ ಮುಂದೆ ಕುಳಿತು, ‘ಗಾಳಿಯ ಹಾಡನ್ನು ಕೇಳು’ ಎಂಬರ್ಥದ ಹೆಸರುಳ್ಳ ಕಥೆಯನ್ನು ಬರೆದರು. ಮೊದಲ ಕರಡು ಅವರಿಗೇ ರುಚಿಸಲಿಲ್ಲ. ಆದಕಾರಣ ಆರಂಭದ ಭಾಗವನ್ನು ತಮಗೆ ಬರುತ್ತಿದ್ದಷ್ಟು ಇಂಗ್ಲಿಷಿನಲ್ಲಿ ಬರೆದು, ಅದನ್ನು ಮತ್ತೆ ಜಪಾನೀ ಭಾಷೆಗೆ ತಂದರು. ಪರಿಮಿತವಾದ ಶಬ್ದಗಳಿಂದ, ಚಿಕ್ಕ ಚಿಕ್ಕ ವಾಕ್ಯಗಳಿಂದ ಕೂಡಿದ ಆ ರೀತಿಯೇ ಅವರ ಶೈಲಿಯಾಯಿತು. ನಕಲನ್ನೂ ಇಟ್ಟುಕೊಳ್ಳದೆ ಹಸ್ತಪ್ರತಿಯನ್ನು ‘ಗುಂಜೋ’ ಪತ್ರಿಕೆಯ ಸ್ಪರ್ಧೆಗೆ ಕಳುಹಿಸಿದರು. 1979ರಲ್ಲಿ ಅದಕ್ಕೆ ಹೊಸ ಲೇಖಕರ ಬಹುಮಾನ ಬಂದಿತು. ಮರುವರ್ಷ ‘ಪಿನ್‌ಬಾಲ್, 1973’ ಪ್ರಕಟವಾಯಿತು. ಎರಡೂ ಅಕುತಾಗಾವ ಬಹುಮಾನದ ಪರಿಶೀಲನೆಗೆ ಬಂದುವು. ಎರಡಕ್ಕೂ ಅದು ದೊರೆಯಲಿಲ್ಲ. ಅಮೆರಿಕದ ಕಥೆಗಾರರ ಅನುಕರಣೆಯೆಂಬ ಆಕ್ಷೇಪವೂ ಆಗಲೇ ಕೇಳಿಬಂದಿತು.

ಸ್ವತಃ ಗ್ರಂಥಕರ್ತರೂ ಇವನ್ನು ಅಪಕ್ವವೆಂದೇ ಎಣಿಸಿ, 1982ರಲ್ಲಿ ಹೊರಬಂದ ಕುರಿಯೊಂದರ ಬೇಟೆಯ ಕಾದಂಬರಿಯನ್ನು ತಮ್ಮ ನಿಜವಾದ ಆರಂಭವೆಂದು ಗಣಿಸಿದರು. ಇವುಗಳ ಇಂಗ್ಲಿಷ್ ಅನುವಾದಗಳು ಜಪಾನಿನಲ್ಲಿ ಅಚ್ಚಾಗಿದ್ದರೂ ಹೊರದೇಶಗಳಲ್ಲಿ ಪ್ರಕಟವಾಗಲು ಬಹುಕಾಲ ಒಪ್ಪಲಿಲ್ಲ. ಕಡೆಗೆ 2015ರಲ್ಲಿ ಹೊಸ ಅನುವಾದದಲ್ಲಿ ಎರಡೂ ಒಂದೇ ಸಂಪುಟವಾಗಿ ಹೊರಬಂದುವು.

ಅವನ್ನು ಓದಿದವರಲ್ಲಿ ಎರಡು ಪಕ್ಷಗಳಾದುವು. ರಜೆಗೆ ಊರಿಗೆ ಬಂದ ವಿದ್ಯಾರ್ಥಿ, ‘ಇಲಿ’ ಎಂಬ ಅಡ್ಡಹೆಸರಿನ ಗೆಳೆಯ, ಒಂದು ಬೆರಳಿಲ್ಲದ ಹುಡುಗಿ, 1970ರ ಆಗಸ್ಟಿನ ಕೆಲವು ದಿನಗಳು. ಬೇಸಗೆ ಮುಗಿಯುತ್ತದೆ, ಕಥೆಯೂ ಮುಗಿಯುತ್ತದೆ. ಇದರಲ್ಲಿ ಹುರುಳೇನೆಂದು ಒಂದು ಪಕ್ಷದವರು ಕೇಳಿದರು. ಬಾವಿ, ಸಂಗೀತ, ಏಕಾಂತ, ಕಳೆದುಹೋದವರ ನೆನಪು—ಮುಂದಿನ ಮಹಾಕೃತಿಗಳಲ್ಲಿ ಬರುವುದೆಲ್ಲವೂ ಇಲ್ಲಿಯೇ ಇದೆಯೆಂದು ಇನ್ನೊಂದು ಪಕ್ಷದವರು ಹಿಗ್ಗಿದರು.

ವಿಚಾರಿಸಿ ನೋಡಿದರೆ ಇಬ್ಬರ ದೋಷವೂ ಒಂದೇ. ನಿಂದಿಸಿದವರು ಮುಂದಿನ ಮುರಕಾಮಿಯವರನ್ನು ಇಲ್ಲಿ ಹುಡುಕಿ ಕಾಣದೆ ಕೋಪಗೊಂಡರು. ಹೊಗಳಿದವರು ಹುಡುಕಿ ಕಂಡು ಸಂತೋಷಪಟ್ಟರು. ಎದುರಿಗಿದ್ದ ಪುಸ್ತಕವನ್ನು ಇಬ್ಬರೂ ಓದಲಿಲ್ಲ. 1979ರ ಪರೀಕ್ಷಕರಾದರೋ ಹೆಸರಿಲ್ಲದವನೊಬ್ಬನ ಬರಹವನ್ನು ಅದರ ಗುಣಾವಗುಣಗಳಿಂದಲೇ ಅಳೆಯಬೇಕಾಯಿತು. ಆ ಅಳತೆಯೇ ನ್ಯಾಯವಾದುದು.

ಹಾಗಾದರೆ ಗ್ರಂಥಕರ್ತನ ಸಂಕೋಚಕ್ಕೆ ಬೆಲೆಯಿಲ್ಲವೆ? ಉಂಟು. ಹಸ್ತಪ್ರತಿಯನ್ನು ಸುಟ್ಟುಬಿಡುವ ಅಧಿಕಾರವೂ ಅವನಿಗುಂಟು. ಆದರೆ ಒಮ್ಮೆ ಲೋಕಕ್ಕೆ ಕೊಟ್ಟದ್ದರ ಮೇಲೆ ಅವನ ತೀರ್ಪೇ ಕಡೆಯ ತೀರ್ಪಲ್ಲ. ಪ್ರೌಢನಾದವನು ತನ್ನ ಯೌವನದ ವಿಷಯದಲ್ಲಿ ಅತಿ ಕಠಿನನಾದ ನ್ಯಾಯಾಧೀಶ. ಮೇಜಿನ ಮುಂದೆ ನಿದ್ದೆಗೆಟ್ಟು ಬರೆದ ಆ ಅಜ್ಞಾತ ತರುಣನ ಪರವಾಗಿ ವಾದಿಸಲು ಅವನ ಪುಸ್ತಕದ ಹೊರತು ಬೇರೆ ಯಾರೂ ಇಲ್ಲ. ಅದನ್ನು ಕೇಳುವುದು ವಾಚಕನ ಧರ್ಮ. ಕೇಳಿದ ಮೇಲೆ ತೆಳುವೆನಿಸಿದರೆ ತೆಳುವೆನ್ನಲಿ, ಅದರಿಂದ ಅನ್ಯಾಯವಿಲ್ಲ. ಮರವಾಗಲಿಲ್ಲವೆಂದು ಮೊಳಕೆಯನ್ನು ಹಳಿಯುವುದೂ ಮರವೇ ಎಂದು ಕೊಂಡಾಡುವುದೂ ಅನ್ಯಾಯ. ಮೊಳಕೆಗೆ ಮೊಳಕೆಯ ಮರ್ಯಾದೆ ಸಲ್ಲಬೇಕು.