ಕೊಬ್ಬರಿ ರೇಟು ಕೇಳಿದ ಸಂದರ್ಶನ

ತಿಪಟೂರು ಕಡೆಯ ಕಾಲೇಜುಗಳಲ್ಲಿ ಎನ್‌ಸಿಸಿಗೆ ಹೆಸರು ಕೊಡುವ ಹುಡುಗರನ್ನು ‘ಯಾಕಪ್ಪಾ ಸೇರ್ತೀಯ’ ಎಂದು ಕೇಳಿ ನೋಡಿ. ಪೊಲೀಸ್ ಕೆಲಸಕ್ಕೆ ಅನುಕೂಲವಾಗುತ್ತೆ, ಸೇನಾ ಭರ್ತಿ ರ‍್ಯಾಲಿಯಲ್ಲಿ ಬೋನಸ್ ಅಂಕ ಸಿಗುತ್ತೆ ಅನ್ನುತ್ತಾರೆ. ಪರೇಡ್ ಮುಗಿದ ಮೇಲೆ ತಿಂಡಿ ಕೊಡ್ತಾರೆ ಅನ್ನುವ ಪ್ರಾಮಾಣಿಕರೂ ಇದ್ದಾರೆ. ‘ಆಫೀಸರ್ ಆಗ್ಬೇಕು ಸಾರ್’ ಅನ್ನುವವರು ಅಪರೂಪ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಹಳ್ಳಿಗಳಲ್ಲಿ ಮಿಲಿಟರಿಗೆ ಹೋದವರು ಎಂದರೆ ಸಿಪಾಯಿಯಾಗಿ ಹೋಗಿ ಹವಾಲ್ದಾರರಾಗಿ ಊರಿಗೆ ಮರಳಿದವರೇ ಕಣ್ಣಿಗೆ ಬೀಳುತ್ತಾರೆ. ಕಾಣದ ದಾರಿಯಲ್ಲಿ ನಡೆಯುತ್ತೇನೆ ಎಂದು ಹೇಳಲು ಯಾರಿಗಾದರೂ ಸಂಕೋಚವೇ.

ದಾರಿಯೇನೋ ಹಳೆಯದು. ಕೊಡಗಿನ ಕಾರಿಯಪ್ಪನವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದುತ್ತಿದ್ದಾಗ ಭಾರತೀಯರನ್ನೂ ಸೇನಾಧಿಕಾರಿಗಳಾಗಿ ತೆಗೆದುಕೊಳ್ಳುತ್ತಾರೆಂದು ತಿಳಿದು ಅರ್ಜಿ ಹಾಕಿದರು. 1919ರಲ್ಲಿ ಇಂದೋರಿನ ಡೇಲಿ ಕಾಲೇಜಿನಲ್ಲಿ ತರಬೇತಿಗೆ ಸೇರಿದ ಮೊದಲ ತಂಡದಲ್ಲಿ ಅವರಿದ್ದರು. ಸ್ವಾತಂತ್ರ್ಯದ ಹೊತ್ತಿಗೆ ಕುಂಜ್ರು ಸಮಿತಿ ಕೂತು ಯೋಚಿಸಿ, 1948ರಲ್ಲಿ ಎನ್‌ಸಿಸಿ ಕಾಯ್ದೆ ಬಂತು. ಮುಂದೆ ಸೇನಾ ಮುಖ್ಯಸ್ಥರಾದ ಬೇವೂರ್ ಅದರ ಮೊದಲ ನಿರ್ದೇಶಕರು. ತುರ್ತು ಹೊತ್ತಿನಲ್ಲಿ ಸೇನೆ ದೊಡ್ಡದಾಗಬೇಕಾದರೆ ಕಾಲೇಜುಗಳಲ್ಲೇ ಅಧಿಕಾರಿಗಳಾಗಬಲ್ಲವರು ಸಿದ್ಧರಿರಬೇಕು ಎಂಬುದು ಅಂದಿನ ಉದ್ದೇಶಗಳಲ್ಲಿ ಒಂದು. ಚೀನಾ ಯುದ್ಧದ ಮರುವರ್ಷ, 1963ರಲ್ಲಿ, ಅದನ್ನು ಕಡ್ಡಾಯ ಮಾಡಿದರು. 1968ರಲ್ಲಿ ಮತ್ತೆ ಐಚ್ಛಿಕವಾಯಿತು.

ಅಮೆರಿಕದಲ್ಲಿ 1916ರ ಕಾನೂನಿನಿಂದ ಬಂದ ವ್ಯವಸ್ಥೆಯಲ್ಲಿ, ಕಾಲೇಜಿನ ತರಬೇತಿ ಪೂರೈಸಿ ಒಪ್ಪಂದಕ್ಕೆ ಸಹಿ ಹಾಕಿದವನು ಪದವಿಯ ಜೊತೆಗೇ ಅಧಿಕಾರಿಯಾಗುತ್ತಾನೆ, ಸೇವೆ ಮಾಡಲೇಬೇಕಾದ ಹೊಣೆಯನ್ನೂ ಹೊರುತ್ತಾನೆ. ನಮ್ಮಲ್ಲಿ ಎರಡೂ ಇಲ್ಲ. ಎನ್‌ಸಿಸಿಯಲ್ಲಿದ್ದ ಮಾತ್ರಕ್ಕೆ ಯಾರೂ ಯುದ್ಧಕ್ಕೆ ಹೋಗಬೇಕಿಲ್ಲ ಎಂದು ಕಾಯ್ದೆಯೇ ಹೇಳುತ್ತದೆ. ಸಿಗುವುದು ಒಂದು ಬಾಗಿಲು. ‘ಸಿ’ ಸರ್ಟಿಫಿಕೇಟಿನಲ್ಲಿ ಕನಿಷ್ಠ ‘ಬಿ’ ಗ್ರೇಡ್, ಪದವಿಯಲ್ಲಿ ಶೇ. 50 ಅಂಕ ಇದ್ದವರು ವಿಶೇಷ ಪ್ರವೇಶದಲ್ಲಿ ಲಿಖಿತ ಪರೀಕ್ಷೆಯಿಲ್ಲದೆ ಅರ್ಜಿ ಹಾಕಬಹುದು. ಕರೆ ಬಂದರೆ ನೇರ ಸೇನಾ ಆಯ್ಕೆ ಮಂಡಳಿ, ಅಂದರೆ ಎಸ್‌ಎಸ್‌ಬಿ, ಅಲ್ಲಿ ಗೆದ್ದು ವೈದ್ಯಕೀಯ ಪರೀಕ್ಷೆ, ಮೆರಿಟ್ ಪಟ್ಟಿ ಎಲ್ಲ ದಾಟಿದರೆ ಚೆನ್ನೈನ ಅಧಿಕಾರಿ ತರಬೇತಿ ಅಕಾಡೆಮಿಯಲ್ಲಿ 49 ವಾರ.

ಆ ಬಾಗಿಲಲ್ಲೇ ತೊಡಕಿರುವುದು. ಮೂರು ವರ್ಷ ಮೈದಾನದಲ್ಲಿ ಹುಡುಗ ಕಲಿಯುವುದು ಹೇಳಿದ್ದನ್ನು ಹೇಳಿದ ಕ್ಷಣದಲ್ಲಿ ಮಾಡುವುದನ್ನು. ‘ಸಾವಧಾನ್’ ಎಂದರೆ ಹಿಮ್ಮಡಿ ಕೂಡಬೇಕು, ‘ಪೀಛೇ ಮುಡ್’ ಎಂದರೆ ತಿರುಗಬೇಕು. ಯಾಕೆ ಎಂದು ಕೇಳುವಂತಿಲ್ಲ. ಎಸ್‌ಎಸ್‌ಬಿಗೆ ಹೋದರೆ ಹಲಗೆ, ಹಗ್ಗ, ಮರದ ದಿಮ್ಮಿ ಕೊಟ್ಟು, ‘ನಿಮ್ಮಲ್ಲಿ ಯಾರೂ ನಾಯಕರಲ್ಲ, ಈ ಅಡ್ಡಿ ದಾಟಿ’ ಎಂದು ಅಧಿಕಾರಿ ಪಕ್ಕಕ್ಕೆ ಸರಿದು ನಿಲ್ಲುತ್ತಾರೆ. ಆಜ್ಞೆಗೆ ಕಾದು ನಿಂತವನು ಅಲ್ಲೇ ಉಳಿಯುತ್ತಾನೆ. ಜೋರಾಗಿ ಕೂಗಿ ಎಲ್ಲರಿಗೂ ಆಜ್ಞೆ ಮಾಡಿದವನೂ ಅಷ್ಟೇ. ಡ್ರಿಲ್ಲನ್ನು ನಾನು ಹಗುರವಾಗಿ ನೋಡುತ್ತಿಲ್ಲ. ಸೆಟೆದು ನಿಂತ ಬೆನ್ನಿಗೂ ಮಾತಿನ ಧೈರ್ಯಕ್ಕೂ ಏನೋ ನಂಟಿದೆ. ಆದರೆ ಅದು ಅರ್ಧ ಪಾಠ. ಉಳಿದರ್ಧ ಎಲ್ಲಿ ಸಿಗುತ್ತದೆ ಎಂದು ನಾನು ಬಹಳ ಕಾಲ ಶಿಬಿರಗಳಲ್ಲೇ ಹುಡುಕುತ್ತಿದ್ದೆ.

ಅದು ಕಂಡದ್ದು ಎಸ್‌ಎಸ್‌ಬಿಗೆ ತಯಾರಾಗುವವರಿಗೆ ನಡೆಸಿದ ಒಂದು ಅಣಕು ಸಂದರ್ಶನದಲ್ಲಿ. ನಿವೃತ್ತ ಸುಬೇದಾರರೊಬ್ಬರೂ ನಾನೂ ಮೇಜಿನ ಈಚೆ ಕೂತಿದ್ದೆವು. ಆಚೆ ಹುಳಿಯಾರು ಕಡೆಯ ಹುಡುಗ, ಬಿಎಸ್ಸಿ ಕೊನೆಯ ವರ್ಷ. ಅಗ್ನಿ-5 ಕ್ಷಿಪಣಿ ಎಷ್ಟು ದೂರ ಹೋಗುತ್ತದೆ ಎಂದರೆ ಐದು ಸಾವಿರ ಕಿಲೋಮೀಟರಿಗೂ ಮೇಲೆ ಎಂದು ಪಟ್ಟನೆ ಹೇಳಿದ.

ಸುಬೇದಾರರು ಕೇಳಿದರು, ‘ಮನೇಲಿ ಏನು ಕೆಲಸ?’

‘ಅಗ್ರಿಕಲ್ಚರ್ ಸಾರ್.’

‘ಅಂದ್ರೆ?’

‘ತೆಂಗು ಸಾರ್.’

‘ಕೊಬ್ಬರಿ ಎಷ್ಟಕ್ಕೆ ಮಾರಿದ್ರಿ?’

ಹುಡುಗ ನನ್ನ ಮುಖ ನೋಡಿದ. ಪ್ರಶ್ನೆಯಲ್ಲೇನೋ ಮೋಸವಿದೆ ಅನ್ನಿಸಿರಬೇಕು. ಸುಬೇದಾರರು ಬಿಡಲಿಲ್ಲ. ಆಮೇಲೆ ಒಂದೊಂದೇ ಹೊರಗೆ ಬಂತು. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ; ತಿಪಟೂರು ಮಾರುಕಟ್ಟೆಯಲ್ಲಿ ಎಂಟು ಸಾವಿರದ ಆಸುಪಾಸಿಗೆ ಇಳಿದಿತ್ತು. ಸೊಸೈಟಿ ಸಾಲದ ಕಂತಿಗೆ ಎಲ್ಲ ಮಾರಿಬಿಡೋಣ ಎಂದರು ಅಪ್ಪ. ಇವನು ಅರ್ಧ ಮಾರಿ, ಅರ್ಧ ಅಟ್ಟದಲ್ಲೇ ಬಿಟ್ಟು, ನಾಫೆಡ್‌ನ ಬೆಂಬಲ ಬೆಲೆ ಖರೀದಿ ಶುರುವಾಗುವವರೆಗೆ ಕಾಯೋಣ ಎಂದ. ಯಾವ ಅರ್ಧ ಎನ್ನುವುದೂ ತೀರ್ಮಾನವಾಗಬೇಕಲ್ಲ? ವರ್ಷದ ಹತ್ತಿರ ಹತ್ತಿರ ಅಟ್ಟದಲ್ಲಿ ಬಿದ್ದ ಕಾಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಬೇಕು. ನೀರಿನ ಸದ್ದಾದರೆ ಇನ್ನೂ ಹಸಿ. ಒಳಗೆ ಗಿಟಕು ಲೊಡಲೊಡ ಅಂದರೆ ಕರಟ ಬಿಟ್ಟಿದೆ, ಸುಲಿಯಬಹುದು. ಅಜ್ಜಿಯ ಜೊತೆ ಅಟ್ಟ ಹತ್ತಿ ಹೀಗೆ ಬೇರೆ ಮಾಡಿದನಂತೆ. ಸುಲಿಯುವವರು ಕೂಲಿ ಏರಿಸಿ ಅರ್ಧಕ್ಕೆ ಎದ್ದು ಹೊರಟಾಗ ಅವರನ್ನು ಕೂರಿಸಿ ಮಾತಾಡಿದವನೂ ಇವನೇ.

‘ಇದನ್ನ ಮೊದಲೇ ಹೇಳೋದಲ್ವೇನಯ್ಯ?’ ಎಂದರು ಸುಬೇದಾರರು.

‘ಇದನ್ನೆಲ್ಲ ಕೇಳಲ್ಲ ಅಂದ್ಕೊಂಡೆ ಸಾರ್. ಮನೆ ಕೆಲಸ ಅಲ್ವಾ.’

ಎರಡು ವರ್ಷದ ಮೇಲೆ ಇದೇ ಕೊಬ್ಬರಿ 25 ಸಾವಿರ ದಾಟಿತು. ಅದನ್ನಿಟ್ಟುಕೊಂಡು ಅವನ ತೀರ್ಮಾನ ಸರಿಯೋ ತಪ್ಪೋ ಎಂದು ಅಳೆಯುವುದು ಜಾಣತನವಲ್ಲ. ಅವತ್ತು ಗೊತ್ತಿದ್ದಷ್ಟನ್ನೇ ಹಿಡಿದು, ಅಪ್ಪನನ್ನೂ ಆಳುಗಳನ್ನೂ ಒಪ್ಪಿಸಿ, ಬಂದದ್ದನ್ನು ತಲೆ ಮೇಲೆ ಹೊತ್ತುಕೊಂಡನಲ್ಲ, ಎಸ್‌ಎಸ್‌ಬಿ ಐದು ದಿನ ಹುಡುಕುವುದು ಅದನ್ನೇ. ಹದಿನೈದು ಸೆಕೆಂಡಿಗೊಂದರಂತೆ ಅರವತ್ತು ಪದ ತೋರಿಸಿ ವಾಕ್ಯ ಬರೆಸುವುದೂ, ಮಸುಕು ಚಿತ್ರಕ್ಕೆ ಕಥೆ ಕಟ್ಟಿಸುವುದೂ, ಬಾಯಿಪಾಠದ ಹಿಂದೆ ಅಡಗಿ ಕೂತವನನ್ನು ಹೊರಗೆಳೆಯಲು. ನಮ್ಮ ಹುಡುಗರು ಮಾತ್ರ ತಮ್ಮನ್ನೇ ಮನೆಯಲ್ಲಿ ಬಿಟ್ಟು, ಗೈಡಿನ ಹುಡುಗನನ್ನು ಕರೆದುಕೊಂಡು ಹೋಗುತ್ತಾರೆ. ಇದಕ್ಕೆ ಅವರೊಬ್ಬರನ್ನೇ ಹೊಣೆ ಮಾಡಲಾಗದು. ಮನೆಯಲ್ಲಿ ಮಾಡುವುದು ಕೆಲಸ, ಪುಸ್ತಕದಲ್ಲಿರುವುದು ವಿದ್ಯೆ ಎಂದು ಒಂದನೇ ತರಗತಿಯಿಂದಲೇ ಗೆರೆ ಎಳೆದವರು ನಾವು ಮೇಷ್ಟ್ರುಗಳು.

ಹೆಣ್ಣುಮಕ್ಕಳ ವಿಷಯದಲ್ಲಿ ಗೆರೆ ಇನ್ನೂ ದಪ್ಪ. 1992ರಿಂದ ಚೆನ್ನೈ ಅಕಾಡೆಮಿಯಲ್ಲಿ ಮಹಿಳೆಯರಿಗೂ ತರಬೇತಿಯಿದೆ, ಎನ್‌ಸಿಸಿ ವಿಶೇಷ ಪ್ರವೇಶವೂ ಅವರಿಗಿದೆ. ಅಮ್ಮನ ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುವ, ಕಂತು ಕಟ್ಟದವರ ಮನೆಗೆ ಹೋಗಿ ಜಗಳವಾಗದಂತೆ ವಸೂಲಿ ಮಾಡಿ ಬರುವ ತುರುವೇಕೆರೆ ಕಡೆಯ ಹುಡುಗಿಯನ್ನು ‘ನಿನ್ನ ಜವಾಬ್ದಾರಿಗಳೇನು’ ಎಂದು ಕೇಳಿದರೆ, ‘ಏನೂ ಇಲ್ಲ ಸಾರ್, ಓದ್ತಿದೀನಿ’ ಅನ್ನುತ್ತಾಳೆ.

ಹಾಗಂತ ತೋಟದ ಮಕ್ಕಳೆಲ್ಲ ಹುಟ್ಟು ಅಧಿಕಾರಿಗಳು ಎಂದು ನಾನು ಹೊಗಳಲು ಹೊರಟಿಲ್ಲ. ತೋಟಕ್ಕೆ ಕಾಲಿಡದೆ, ರಾತ್ರಿ ತ್ರೀ ಫೇಸ್ ಕರೆಂಟು ಬಂದಾಗ ಮೋಟರಿಗೆ ಅಪ್ಪನನ್ನೇ ಎಬ್ಬಿಸುವ ಮಹಾನುಭಾವರೂ ಬೇಕಾದಷ್ಟಿದ್ದಾರೆ. ‘ನೀನು ಓದ್ಕೋ, ಇದಕ್ಕೆಲ್ಲ ಬರ್ಬೇಡ’ ಎಂದು ಪ್ರೀತಿಯಿಂದಲೇ ದೂರವಿಟ್ಟವರ ಮಕ್ಕಳು ಅವರು. ಅಂಥವರಿಗೆ ಶಿಬಿರ ನಿಜಕ್ಕೂ ಉಪಕಾರ ಮಾಡುತ್ತದೆ. ಮೊದಲ ಬಾರಿಗೆ ಮೂವತ್ತು ಜನರ ಊಟ, ಕಂಬಳಿ, ಜ್ವರ, ಮುನಿಸು ಇವರ ತಲೆಗೆ ಬರುತ್ತದೆ. ಪಲ್ಯ ಖಾಲಿಯಾದ ಮೇಲೆ ಸಾಲಿನ ಕೊನೆಗೆ ನಿಂತ ಜೂನಿಯರ್‌ಗೆ ಏನು ಹೇಳಬೇಕು ಎನ್ನುವುದು ಯಾವ ಡ್ರಿಲ್ ಪುಸ್ತಕದಲ್ಲೂ ಇಲ್ಲ.

ಹುಳಿಯಾರು ಕಡೆಯ ಆ ಹುಡುಗನ ತಾಯಿ ಒಮ್ಮೆ ಕಾಲೇಜಿಗೆ ಬಂದಿದ್ದರು. ‘ಇವನು ಹೋದ್ರೆ ತೋಟ ಯಾರು ನೋಡ್ಕೋತಾರೆ ಸಾರ್?’ ಎಂದರು. ಶಾರ್ಟ್ ಸರ್ವಿಸ್ ಎಂದರೆ ಹತ್ತು ವರ್ಷ, ಬೇಕಿದ್ದರೆ ಇನ್ನು ನಾಲ್ಕು ವರ್ಷ ಮುಂದುವರಿಯಬಹುದು, ಆಮೇಲೆ ಬರಬಹುದಮ್ಮಾ ಎಂದೆ. ಆಕೆ ಸ್ವಲ್ಪ ಹೊತ್ತು ಲೆಕ್ಕ ಹಾಕಿ, ‘ಬರ್ತಾನೆ ಸರಿ. ಬಂದೋನು ಅಟ್ಟ ಹತ್ತಿ ಕಾಯಿ ಅಲ್ಲಾಡಿಸ್ತಾನೋ, ನಮಗೆಲ್ಲ ಆರ್ಡರ್ ಹಾಕ್ತಾನೋ?’ ಅಂದರು. ಎಸ್‌ಎಸ್‌ಬಿಯವರಿಗೂ ಬೇಕಾಗಿರುವ ಉತ್ತರ ಅದೇ ಎಂದು ಹೇಳಿದೆ. ಆಕೆಗೆ ಸಮಾಧಾನವಾದಂತೆ ಕಾಣಲಿಲ್ಲ. ಅರ್ಜಿಗೆ ಬೇಕಾದ ದಾಖಲೆಗಳನ್ನು ಮಾತ್ರ ಬ್ಯಾಗಿನಿಂದ ತೆಗೆದು ಮಗನ ಕೈಗೆ ಕೊಟ್ಟರು.