ಮುಪ್ಪು, ದೇಹಬಲ ಮತ್ತು ಶ್ರಾವಕಧರ್ಮ

ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಲ್ಲೇಖನಕ್ಕೆ ತಕ್ಕ ಕಾರಣಗಳಲ್ಲಿ ಮುಪ್ಪನ್ನೂ ಎಣಿಸಿದ್ದಾರೆ. ಆದರೆ ಅದು ನಿಷ್ಪ್ರತೀಕಾರವಾಗಿರಬೇಕು, ಅಂದರೆ ಪರಿಹಾರವಿಲ್ಲದ್ದಾಗಿರಬೇಕು ಎಂದು ವಿಧಿಸಿದ್ದಾರೆ. ಹಾಗಾದರೆ ವೃದ್ಧರ ಯಾವ ದೌರ್ಬಲ್ಯ ಪರಿಹಾರವಿಲ್ಲದ್ದು?

ವಯಸ್ಸೇರಿದಂತೆ ಸ್ನಾಯು ಕರಗಿ ಕೊಬ್ಬು ಹೆಚ್ಚುತ್ತದೆ. ತೂಕ ಬದಲಾಗದಿದ್ದರೂ ಬಲ ಕುಗ್ಗಿ ನಡಿಗೆ ನಿಧಾನವಾಗುತ್ತದೆ. 34,000ಕ್ಕೂ ಮಿಕ್ಕ ವೃದ್ಧರ ಮಾಹಿತಿಯನ್ನು ಪರಿಶೀಲಿಸಿ 2011ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವು, ನಡಿಗೆ ನಿಧಾನವಾದಷ್ಟೂ ಮರಣದ ಸಂಭವ ಹೆಚ್ಚೆಂದು ತೋರಿಸಿತು. ಆದರೆ ಅಲ್ಲಿಯೇ 1990ರಲ್ಲಿ ವರದಿಯಾದ ಪ್ರಯೋಗವೊಂದರಲ್ಲಿ, ತೊಂಬತ್ತರ ಆಸುಪಾಸಿನ ದುರ್ಬಲ ವೃದ್ಧರ ಕಾಲಿನ ಬಲವು ಎಂಟು ವಾರಗಳ ವ್ಯಾಯಾಮದಿಂದ ಸರಾಸರಿ ಇಮ್ಮಡಿಗೂ ಮೀರಿ ಹೆಚ್ಚಿತು.

ಆದ್ದರಿಂದ ವ್ರತಸಂಕಲ್ಪವಿಲ್ಲದೆ ಬೇಳೆ-ಹಾಲುಗಳನ್ನು ಕಡಿಮೆಮಾಡಿ, ಕುಳಿತಲ್ಲೇ ಕೃಶರಾಗುವುದನ್ನು ತಪಸ್ಸೆಂದು ಭಾವಿಸುವುದು ವಿವೇಕವಲ್ಲ. ಸಲ್ಲೇಖನವು ಕಾಯದೊಡನೆ ಕಷಾಯಗಳನ್ನೂ ಕೃಶಗೊಳಿಸುವ ವ್ರತ. ಅಲಕ್ಷ್ಯದಿಂದ ಕಾಯವೊಂದೇ ಕ್ಷೀಣಿಸಿದರೆ ಅದು ಪ್ರಮಾದ. "ನೀವು ಏಳಬೇಡಿ, ಎಲ್ಲವನ್ನೂ ತಂದುಕೊಡುತ್ತೇವೆ" ಎನ್ನುವ ಮಕ್ಕಳ ಭಕ್ತಿಯಲ್ಲಿಯೂ ಈ ಪ್ರಮಾದ ಅಡಗಿದೆ. ಅವರು ಹಿರಿಯರನ್ನು ಕೈಹಿಡಿದು ಬಸದಿಗೆ ನಡೆಸಲಿ. ಟ್ರಸ್ಟಿನವರು ಮೆಟ್ಟಿಲುಗಳಿಗೆ ಕಂಬಿ ಹಾಕಿಸಲಿ. ಮುನಿಗಳಿಗೆ ನಿಂತು ಆಹಾರದಾನ ನೀಡುವ ಬಲವೂ ಧರ್ಮಸಾಧನವೇ.

ಎಲ್ಲ ಪ್ರಯತ್ನಗಳೂ ಸೋತ ಮೇಲಿನ ಮುಪ್ಪೇ ಆಚಾರ್ಯರು ಹೇಳಿದ ಮುಪ್ಪು. ಅದನ್ನು ಗುರುಸನ್ನಿಧಿಯಲ್ಲಿ ಸಮಭಾವದಿಂದ ಸ್ವೀಕರಿಸಬೇಕು.